ಪೇರುಗಲ್ಲಿನ ತಗ್ಗು ಮೂಲೆ

ಸಿಂಧು, ಪವನ,

ನೀವಿಬ್ಬರೂ ನನ್ನ ಕೆಲಸದ ಬಗ್ಗೆ ಕೇಳಿದಾಗಲೆಲ್ಲ "ಗುಡಿಸುತ್ತಿದ್ದೆ, ಕಾಯುತ್ತಿದ್ದೆ" ಎಂದಷ್ಟೇ ಹೇಳಿ ಒಳಗೆ ಎದ್ದು ಹೋಗುತ್ತಿದ್ದೆ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಈಗ ಸಿಂಧುಗೆ ಅನಂತಪುರದಲ್ಲಿ ಕೆಲಸ ಸಿಕ್ಕಿದೆ. ಹಳೆಯ ಗುಡಿ, ಕೋಟೆಗಳ ಕಾಗದಪತ್ರ ನೋಡುವ ಕೆಲಸವಂತೆ. ಕಾಗದದಲ್ಲಿ ಇಲ್ಲದ್ದನ್ನು ಯಾರಾದರೂ ಅವಳಿಗೆ ಹೇಳಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಅಗಳಿಯ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ಪವನ, ನಿನಗೆ ಕನ್ನಡ ಅಕ್ಷರ ಕೂಡಿಸಿ ಓದುವುದು ನಿಧಾನ. ಅಕ್ಕನ ಕೈಲಿ ಓದಿಸಿಕೋ, ಆದರೆ ಅರ್ಧಕ್ಕೆ ಎದ್ದು ಹೋಗಬೇಡ.

ನಮ್ಮೂರ ಹಿಂದಿನ ಗುಡ್ಡದ ಮೇಲಿರುವುದನ್ನು ಪುರಾತತ್ವ ಇಲಾಖೆಯ ಬೋರ್ಡು 'ಪ್ರಾಚೀನ ಬೌದ್ಧ ಸ್ತೂಪ' ಎನ್ನುತ್ತದೆ. ಊರವರು ಪೇರುಗಲ್ಲು ಎನ್ನುತ್ತಾರೆ. ಚೌಕವಾದ ಮೂರು ಅಂತಸ್ತು, ಒಂದಕ್ಕಿಂತ ಒಂದು ಕಿರಿದು, ಎಲ್ಲವೂ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ್ದು. ನಡುವೆ ಗಾರೆಯಿಲ್ಲ. ಬಾಗಿಲಿಲ್ಲ, ಒಳಗೆ ಹೋಗುವಂತಿಲ್ಲ. ರಾಯದುರ್ಗದ ಕಡೆಯಿಂದ ಬರುವ ಬಸ್ಸಿನಲ್ಲಿ ಕೂತವರಿಗೆ ಮೊದಲು ಕಾಣುವುದೇ ಅದು. ನಾನು ಮದುವೆಯಾಗಿ ಬಂದ ದಿನ ಟೆಂಪೋದಿಂದ ಅದನ್ನು ನೋಡಿ, ಯಾರೋ ಹುಲ್ಲಿನ ಬಣವೆ ಒಟ್ಟಿದ್ದಾರೆ ಎಂದುಕೊಂಡಿದ್ದೆ. ಕೇಳಲು ಸಂಕೋಚವಾಗಿ ಸುಮ್ಮನಿದ್ದೆ.

ಅಲ್ಲಿ ನಿಮ್ಮ ಅಜ್ಜ ವಾಚ್‌ಮನ್ ಆಗಿದ್ದರು. ಜ್ವರ ಬಂದು ಅವರು ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಕೂಸು. ಆ ಕೆಲಸವನ್ನು ನನಗೆ ಕೊಟ್ಟರು. ನನ್ನ ಗುರುತಿನ ಚೀಟಿಯ ಮೇಲೆ ಕೊನೆಯ ದಿನದವರೆಗೂ 'ವಾಚ್‌ಮನ್' ಎಂದೇ ಇತ್ತು. ಕಾಯಂ ಆದದ್ದು, ಸಂಬಳ ಏರಿದ್ದು, ಅದೆಲ್ಲ ಬೇಡ.

ಮೊದಲ ದಿನ ಪೊರಕೆ ಹಿಡಿದು ಮನೆಯಂಗಳ ಗುಡಿಸುವ ಹಾಗೆ ಗುಡಿಸತೊಡಗಿದೆ. ಹಳೆಯ ಫೋರ್‌ಮನ್ ಒಬ್ಬರಿದ್ದರು, ಸಿಡುಕು ಮನುಷ್ಯ. ಬೇವಿನ ಮರದ ಕೆಳಗಿಂದಲೇ ಕೂಗಿದರು.

"ಏನಮ್ಮಾ, ಕಸಾನ ಕಲ್ಲಿಗೆ ಉಣಿಸಾಕ ಬಂದೀಯೇನು?"

ನಾನು ಹೆದರಿ ನಿಂತೆ. ಅವರು ಬಂದು ಪೊರಕೆ ಕಿತ್ತುಕೊಂಡು, ಕಲ್ಲಿಗೆ ಬೆನ್ನು ಕೊಟ್ಟು ಹೊರಗಡೆಗೆ ಗುಡಿಸಿ ತೋರಿಸಿದರು. "ಸಂದಿಯಾಗ ಮಣ್ಣು ಕೂತ್ರ ಬೀಜ ಕೂರತೈತಿ. ಕಾಗಿ ಹೇತು ಹೋಗತೈತಿ, ಅರಳಿ ಗಿಡ ಹುಟ್ಟತೈತಿ. ಇದನ್ನ ಕೆಡವಿದ್ದು ಯಾವ ರಾಜನೂ ಅಲ್ಲ, ಕಾಗಿ" ಎಂದರು. ಸಸಿ ಕಂಡರೆ ಜಗ್ಗಿ ಕೀಳಬಾರದು, ಬೇರು ತನ್ನ ಜೊತೆ ಕಲ್ಲನ್ನೂ ಸಡಿಲಿಸುತ್ತದೆ. ಬುಡಕ್ಕೆ ಕತ್ತರಿಸಿ ಔಷಧಿ ಹಚ್ಚಿ ಒಣಗಲು ಬಿಡಬೇಕು. ಇದನ್ನೂ ಅವರೇ ಕಲಿಸಿದರು. ಬೈದಷ್ಟೇ ಚೆನ್ನಾಗಿ ಕಲಿಸಿದರು. ಸಿಂಧು, ಬೈಯುವ ಮೇಲಿನವರೆಲ್ಲ ಕೆಟ್ಟವರಲ್ಲ. ನಗುತ್ತ ಮಾತಾಡಿ ಏನೂ ಹೇಳಿಕೊಡದವರನ್ನೂ ಕಂಡಿದ್ದೇನೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಕಲ್ಲಿನ ಮೇಲಿನ ಬಿಳಿ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಪಾಚಿಯೊಂದಿಗೆ ಕಲ್ಲಿನ ಚರ್ಮವೂ ಪುಡಿಯಾಗಿ ಉದುರುತ್ತಿತ್ತು. ಆಮೇಲೆ ಮೆತ್ತನೆ ಬ್ರಷ್ಷು ಬಂತು, ಒಂದು ಮಗುವಿನ ಬೆನ್ನು ಉಜ್ಜುವ ಹಾಗೆ ಉಜ್ಜಿ ಎಂದರು. ಯಾವುದೋ ಕಾಲದಲ್ಲಿ ಯಾರೋ ಸಿಮೆಂಟಿನ ತೇಪೆ ಹಾಕಿದ್ದರು. ಸಿಮೆಂಟು ಗಟ್ಟಿಯಾಗಿಯೇ ಉಳಿದು ಪಕ್ಕದ ಹಳೆಯ ಕಲ್ಲುಗಳೇ ಬಿರುಕು ಬಿಟ್ಟವು. ಆಮೇಲೆ ತೇಪೆಗೆ ಸಿಮೆಂಟು ಬಿಟ್ಟು ಸುಣ್ಣದ ಗಾರೆಗೆ ಬಂದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಸುಣ್ಣ ಅರೆಯುವಾಗ ಗುಡ್ಡದ ತುಂಬ ಜೇನುನೊಣ. ನಿಧಿ ಹುಡುಕುವವರ ಕಾಟವೂ ಇತ್ತು. ಬೆಳಗ್ಗೆ ಹತ್ತಿ ಹೋದರೆ ಅಡಿಯಲ್ಲಿ ಒಂದು ಗುಂಡಿ, ಅದರ ಪಕ್ಕ ಕುಯ್ದ ನಿಂಬೆಹಣ್ಣು. ಗುಂಡಿ ಮುಚ್ಚಿ, ಪೊಲೀಸರಿಗೆ ತಿಳಿಸಿ, ಮತ್ತೆ ಗುಡಿಸುವುದು.

ಒಮ್ಮೆ ದೂರದ ದೇಶದ ಬೌದ್ಧ ಸನ್ಯಾಸಿನಿಯರು ಬಂದರು. ತಲೆ ಬೋಳಿಸಿಕೊಂಡ ವಯಸ್ಸಾದ ಹೆಂಗಸರು. ಒಳಗೆ ದೇವರೆಲ್ಲಿ ಎಂದು ಎಲ್ಲರೂ ಕೇಳುವ ಮಾತನ್ನು ಅವರು ಕೇಳಲಿಲ್ಲ. ಚಪ್ಪಲಿ ಬಿಟ್ಟು, ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಮೆಲ್ಲಗೆ ಸುತ್ತು ಹಾಕಿದರು. ಅವರ ಜೊತೆ ಬಂದಿದ್ದ ಗೈಡು ನನಗೆ ಹೇಳಿದ: "ಇದು ಗುಡಿ ಅಲ್ಲಮ್ಮ. ತೀರಿಹೋದ ದೊಡ್ಡವರ ನೆನಪಿಗೆ ಕಟ್ಟಿದ್ದು. ಅಸ್ಥಿಯೋ, ಬೂದಿಯೋ ಒಳಗಿರುತ್ತೆ ಅಂತಾರೆ." ಅಷ್ಟು ವರ್ಷ ಗುಡಿಸಿದ್ದರೂ ನನಗೆ ಅದು ಗೊತ್ತಿರಲಿಲ್ಲ. ಆದರೆ ನಮ್ಮ ಕುರಿಗಾರರಿಗೆ ಹೇಗೋ ಗೊತ್ತಿತ್ತು ಅನ್ನಿಸಿತು. ಇನ್ನು ಹೇಳುವುದು ಅದನ್ನೇ.

ನಮ್ಮ ಕಡೆ ಕುರಿ ಸಾಕುವ ಮನೆಗಳವರು ಬೇಸಿಗೆಗೆ ಮುಂಚೆ ಹಿಂಡು ಹೊಡೆದುಕೊಂಡು ಬೊಮ್ಮನಹಾಳ್, ಬಳ್ಳಾರಿ ದಾಟಿ ನೀರಾವರಿ ಸೀಮೆಗೆ ಹೋಗುತ್ತಾರೆ. ಹೋದವರಲ್ಲಿ ಯಾರಾದರೂ ದಾರಿಯಲ್ಲೇ ಸತ್ತರೆ ಅಲ್ಲೇ ಮಣ್ಣು ಮಾಡುತ್ತಿದ್ದರು. ಊರಲ್ಲಿ ಅವರಿಗೆ ಸಮಾಧಿಯಿಲ್ಲ, ಎಡೆ ಇಡಲು ಜಾಗವಿಲ್ಲ. ಅದಕ್ಕೆ ಮನೆಯವರು ಹಳ್ಳದಿಂದ ಒಂದು ಕಲ್ಲು ತಂದು ಪೇರುಗಲ್ಲಿನ ಪಾದದ ಹತ್ತಿರ ಇಡುತ್ತಾರೆ. ಅಮಾವಾಸ್ಯೆಗೆ ಬಂದು ಅರಿಶಿನ ಹಚ್ಚಿ, ಒಂದು ಎಳೆ ಕರಿ ಉಣ್ಣೆ ಇಟ್ಟು ಹೋಗುತ್ತಾರೆ. ಒಂದೇ ಕಟ್ಟಳೆ: ಆ ಕಲ್ಲಿನ ಮೇಲೆ ಯಾರೂ ಏನೂ ಇಡಬಾರದು. ಊಟದ ಬುತ್ತಿಯನ್ನೂ ಇಡಬಾರದು. ಕಂಬಳಿ, ನಡೆಯಲಾರದ ಮರಿ, ನೀರಿನ ಕೊಡ ಹೊತ್ತು ಹೊತ್ತು ದಾರಿಯಲ್ಲಿ ಸತ್ತವರು, ಇನ್ನು ಅವರ ಮೇಲೆ ಹೊರೆ ಬೇಡ ಎನ್ನುತ್ತಾರೆ.

ಅಂಥ ಕಲ್ಲುಗಳ ನಡುವೆ ಮಾಳಮ್ಮನ ಮಗ ಬೀರನದೂ ಒಂದಿತ್ತು. ಮಾಳಮ್ಮ ನಮ್ಮೂರ ಕುರಿಗಾರರ ಮನೆಯವರು, ನನಗಿಂತ ಹಿರಿಯರು. ಬೀರ ಹಿಂಡಿನ ಜೊತೆ ಹೋದವನು, ಎಲ್ಲೋ ಮಳೆ ಬಂದು ತುಂಬಿದ ಹಳ್ಳದಲ್ಲಿ ಮರಿಗಳನ್ನು ದಾಟಿಸುವಾಗ ಕೊಚ್ಚಿಹೋದ. ಹೆಣವೂ ಸಿಗಲಿಲ್ಲ. ಮಣ್ಣು ಮಾಡಿದ ಜಾಗವೆಂದು ತೋರಿಸಲು ಬೇರೆ ಊರಿನಲ್ಲೂ ಏನಿಲ್ಲ. ಇದ್ದದ್ದು ಆ ಕಲ್ಲೊಂದೇ.

ನಾನು ನಿವೃತ್ತಿಯಾಗುವ ಕೆಲವು ವರ್ಷ ಮುಂಚೆ ಇಲಾಖೆಯವರು ಪೇರುಗಲ್ಲಿನ ಆಗ್ನೇಯ ಮೂಲೆ ಸರಿಮಾಡಲು ಬಂದರು. ಆ ಮೂಲೆ ಯಾವಾಗಲೋ ಕುಸಿದು, ಕಲ್ಲುಗಳು ಕೆಳಗೆ ಚೆಲ್ಲಿದ್ದವು. ಉಸ್ತುವಾರಿಗೆ ಬಂದ ಸಾರ್ ಹೆಸರು ರಾಮಮೋಹನ್. ಸಮುದ್ರದ ಕಡೆಯವರು, ತೆಲುಗು ಮಾತು, ಕನ್ನಡ ಅಷ್ಟಿಷ್ಟು. ಒಳ್ಳೆಯವರು. ಕುರಿಗಾರರ ಮನೆಯವರನ್ನು ಕರೆಸಿ, ನಿಮ್ಮ ಕಲ್ಲುಗಳನ್ನು ನೀವೇ ನಿಮ್ಮ ಕೈಯಾರೆ ಬೇವಿನ ಮರದ ಹತ್ತಿರ ಇಟ್ಟುಕೊಳ್ಳಿ ಎಂದರು. ಎಲ್ಲರೂ ಬಂದು ತಮ್ಮ ತಮ್ಮದನ್ನು ಹೊತ್ತುಕೊಂಡು ಹೋಗಿ ಇಟ್ಟರು. ಮಾಳಮ್ಮ ಆಗ ಊರಲ್ಲಿರಲಿಲ್ಲ. ಬೊಮ್ಮನಹಾಳಿನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಅವರ ಪರವಾಗಿ ಬರಲು ಯಾರೂ ಇರಲಿಲ್ಲ. ಹಚ್ಚಿದ್ದ ಅರಿಶಿನ ಮಳೆಗೆ ತೊಳೆದುಹೋಗಿ, ಅವರ ಕಲ್ಲು ಯಾವುದೆಂದು ನನಗೂ ಗುರುತು ಸಿಗಲಿಲ್ಲ.

ಉಳಿದ ಕಲ್ಲುಗಳಲ್ಲಿ ಯಾವುದು ಹಳೆಯ ಕಟ್ಟಡದ್ದು, ಯಾವುದು ಬರೀ ಗುಡ್ಡದ್ದು ಎಂದು ಆರಿಸಬೇಕಿತ್ತು. ಹಳೆಯ ಕಲ್ಲುಗಳ ಅಂಚಿನಲ್ಲಿ ಕೆಲವಕ್ಕೆ ಉಳಿಯ ಗುರುತು ಇತ್ತು, ಆ ಕಾಲದ ಕಲ್ಲುಕುಟಿಗರು ಹಾಕಿಕೊಂಡದ್ದು. ಗುರುತಿದ್ದ ಕಲ್ಲೆಲ್ಲ ಗೋಡೆಗೆ ಎಂದು ಸಾರ್ ಹೇಳಿದರು. ಡಿ. ಹಿರೇಹಾಳಿನ ಹುಸೇನಪ್ಪ ಮೇಸ್ತ್ರಿ ಒಂದೊಂದನ್ನೇ ತಿರುವಿ ನೋಡಿ, ಅಳೆದು, ಕೂರಿಸುತ್ತ ಹೋದರು. ಹುಸೇನಪ್ಪನಿಗೆ ಕೈಗಿಂತ ಬಾಯಿ ಜೋರು. ನನ್ನನ್ನು ಕಂಡರೆ, "ಏನಕ್ಕಾ, ಅಗಳಿಯವರು ಮಾತಿಗೂ ರೇಷನ್ ಕಾರ್ಡ್ ಮಾಡಿಸೀರೇನು?" ಎಂದು ಕಾಡುವರು. ಒಂದು ಮಧ್ಯಾಹ್ನ ಒಂದು ಕಲ್ಲು ಕೂರಿಸಿ ಖುಷಿಯಿಂದ ಕೂಗಿದರು: "ನೋಡ್ರಿ ಸಾರ್, ಬಾಗಲಿಗೆ ಚಿಲಕ ಬಿದ್ದಂಗ ಬಿತ್ತು! ಒಂದು ಚಕ್ಕಿನೂ ಹೊಡೀಲಿಲ್ಲ ನಾನು." ಅದರ ಮೇಲೆ ಇನ್ನೆರಡು ಕಲ್ಲು ಕೂತವು.

ಮಾಳಮ್ಮ ಊರಿಗೆ ಬಂದ ಮರುದಿನವೇ ಅಮಾವಾಸ್ಯೆ. ಅರಿಶಿನದ ಬಟ್ಟಲು ಹಿಡಿದು ಗುಡ್ಡ ಹತ್ತಿದರು. ಬೇವಿನ ಮರದ ಕೆಳಗೆ ಇಟ್ಟಿದ್ದ ಕಲ್ಲುಗಳನ್ನೆಲ್ಲ ನೋಡಿದರು. ಮತ್ತೆ ನೋಡಿದರು. ನಾನೂ ಜೊತೆಗೆ ಹುಡುಕಿದೆ. ಆಮೇಲೆ ಅವರು ಪೇರುಗಲ್ಲನ್ನು ಸುತ್ತುತ್ತ ಹೋಗಿ ಆಗ್ನೇಯ ಮೂಲೆಯಲ್ಲಿ ನಿಂತರು. ಸೊಂಟದ ಎತ್ತರದಲ್ಲಿದ್ದ ಒಂದು ಕಲ್ಲಿನ ಅಂಚಿನ ಮೇಲೆ ಬೆರಳಾಡಿಸಿದರು. ಅಲ್ಲೇ ಕುಸಿದು ಕೂತರು.

"ಯವ್ವಾ, ನನ್ನ ಮಗನ ಮ್ಯಾಲ ಗ್ವಾಡಿ ಕಟ್ಯಾರಲ್ಲ."

ಅವರು ಅಳಲಿಲ್ಲ. ಆ ಮಾತನ್ನೇ ಮೆಲ್ಲಗೆ ಹೇಳುತ್ತಿದ್ದರು. ಕೆಲಸ ನಿಂತಿತು. ಹುಸೇನಪ್ಪ ಸಮಾಧಾನ ಮಾಡಲು ಹೋದರು.

"ಯಾಕ ಚಿಂತಿ ಮಾಡ್ತಿಯವ್ವಾ, ನಿನ್ನ ಮಗ ಈಗ ದೊಡ್ಡವರ ಗ್ವಾಡ್ಯಾಗ ಅದಾನ. ಇನ್ನ ಸಾವಿರ ವರ್ಷ ಅಲುಗಾಡಂಗಿಲ್ಲ."

"ಸಾವಿರ ವರ್ಷ ಹೊರಬೇಕೇನಪ್ಪಾ ಅವನು?" ಎಂದರು ಮಾಳಮ್ಮ. ಹುಸೇನಪ್ಪ ಕರಣೆಯನ್ನು ನೀರಿನ ಬಕೆಟ್ಟಿಗೆ ಹಾಕಿ ದೂರ ಹೋಗಿ ಕೂತರು.

ಸಾರ್ ಬಂದರು. ಅಂಚಿನ ಗುರುತು ನೋಡಿದರು. ಒಂದು ಕಚ್ಚು, ಪಕ್ಕದಲ್ಲಿ ಒಂದು ಕುಳಿ. "ಇದು ಹಳೆಯ ಕೆಲಸದವರ ಗುರುತಮ್ಮ. ಸರ್ಕಾರದ ಕಲ್ಲು. ನಾನು ಕೊಡಲಿಕ್ಕೆ ಆಗಲ್ಲ" ಎಂದರು.

ಮಾಳಮ್ಮ ಎದ್ದು ಗುಡ್ಡ ಇಳಿದು ಹೋದರು. ಮುಗಿಯಿತು ಎಂದುಕೊಂಡೆವು. ಬಿಸಿಲು ಏರುವ ಹೊತ್ತಿಗೆ ಮತ್ತೆ ಹತ್ತಿ ಬಂದರು, ಒಂದು ಕುರಿಯನ್ನು ಹಗ್ಗ ಹಿಡಿದು ಎಳೆದುಕೊಂಡು. ಕುರಿ ಬರಲೊಲ್ಲದು, ಇವರು ಬಿಡಲೊಲ್ಲರು. ಕೂಲಿ ಹೆಂಗಸರು ಮುಸಿಮುಸಿ ನಕ್ಕರು. ಮಾಳಮ್ಮ ಕುರಿಯನ್ನು ಮೂಲೆಗೆ ಒತ್ತಿ ನಿಲ್ಲಿಸಿ, ಅದರ ಎಡಗಿವಿಯನ್ನು ಬಿಡಿಸಿ ಕಲ್ಲಿನ ಗುರುತಿನ ಪಕ್ಕಕ್ಕೆ ಹಿಡಿದರು. ಕಿವಿಯ ಅಂಚಿಗೆ ಒಂದು ಕಚ್ಚು, ಪಕ್ಕದಲ್ಲಿ ಒಂದು ತೂತು. ನಮ್ಮ ಕಡೆ ಮರಿ ಹುಟ್ಟಿದ ಕೆಲವೇ ದಿನದಲ್ಲಿ ಕಿವಿಗೆ ಮನೆಯ ಗುರುತು ಹಾಕುತ್ತಾರೆ, ಹಿಂಡು ಬೆರೆತರೂ ತಮ್ಮದು ಯಾವುದೆಂದು ತಿಳಿಯಲಿ ಎಂದು. ನಗುತ್ತಿದ್ದವರು ಹತ್ತಿರ ಬಂದು ನೋಡಿದರು.

ಸಾರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಗುರುತು ಹೊಸ ಉಳಿಯದು ಎಂದು ಒಪ್ಪಿದರು. ಆದರೆ ಕಲ್ಲಿನ ಮೈಮೇಲಿನ ಕೆತ್ತನೆ ಹಳೆಯದೇ ಇತ್ತು, ಆ ಜಾಗಕ್ಕೆ ಕೂದಲೆಳೆಯೂ ತಪ್ಪದೆ ಕೂತಿತ್ತು. "ಅಮ್ಮ, ಈ ಕಲ್ಲು ನಿಮಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದರು.

"ಇಲ್ಲೇ ಬಿದ್ದಿತ್ತು. ಎಲ್ಲಾರು ಹಳ್ಳದಿಂದ ತರತಾರ್ರಿ. ಬೀರನ ಅಪ್ಪ ಹಳ್ಳಕ್ಕ ಹೋಗಲಿಲ್ಲ. ಮಗನ್ನ ಒಯ್ದ ನೀರಾಗಿನ ಕಲ್ಲು ನನಗ ಬ್ಯಾಡ ಅಂದ. ಇಲ್ಲಿದ್ದದ್ದನ್ನ ಎತ್ತಿ ನಿಲ್ಲಿಸಿ, ತಾನ ಗುರುತು ಹೊಡದ."

ಆ ಕಲ್ಲು ಪೇರುಗಲ್ಲಿನದೇ. ಬೀರನದೂ ಹೌದು. ಯಾರ ಮಾತೂ ಸುಳ್ಳಲ್ಲ.

ಸಾರ್ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು, ಈಯಮ್ಮ ಕಲ್ಲನ್ನು ಮನೆಗೆ ಒಯ್ಯಬೇಕು ಅನ್ನುತ್ತಾರಾ ಎಂದು. ಸಾಹೇಬರು ಕೇಳಿದರೆ ನಾನು ತಲೆಯಾಡಿಸುವವಳೇ ಹೊರತು ಬಾಯಿ ಬಿಡುವವಳಲ್ಲ. ಅಂದು ಮಾಳಮ್ಮ ನನ್ನ ಮುಖ ನೋಡುತ್ತಿದ್ದರು. ಗಂಡ ಸತ್ತ ನನಗೆ ಕಡೇಪಕ್ಷ ಮಣ್ಣು ಮಾಡಿದ ಜಾಗ ಇದೆ, ನಾನು ಅಲ್ಲಿಗೆ ಹೋಗಿ ಬರುತ್ತೇನೆ. ಈಯಮ್ಮನಿಗೆ? ಅದು ನೆನಪಾಗಿ ಬಾಯಿ ತೆರೆಯಿತು.

"ಇಲ್ಲ ಸಾರ್. ಅವರು ಕಲ್ಲು ಕೊಡಿ ಅಂತ ಕೇಳ್ತಿಲ್ಲ. ಅದು ಇಲ್ಲೇ ಇರ್ಲಿ. ಮೇಲಿರೋ ಭಾರ ತೆಗೀರಿ ಅಂತಾರೆ, ಅಷ್ಟೇಯ."

ಕಟ್ಟಳೆಯನ್ನೂ ಹೇಳಿದೆ, ತೆಲುಗಿನಲ್ಲಿ. ಹುಸೇನಪ್ಪ ದೂರದಿಂದಲೇ, "ಅಕ್ಕನ ಬಾಯಾಗ ಇಷ್ಟು ಮಾತು ಇದ್ವೇನು!" ಎಂದರು.

ಸಾರ್ ನಕ್ಷೆ ತರಿಸಿ ನೆರಳಿನಲ್ಲಿ ಹರಡಿಕೊಂಡು ಬಹಳ ಹೊತ್ತು ಕೂತರು. ಆಮೇಲೆ ಹುಸೇನಪ್ಪನನ್ನು ಕರೆದು, ಈ ಕಲ್ಲಿನ ಮೇಲೆ ಕಟ್ಟಬೇಕೆಂದಿರುವ ಸಾಲುಗಳಿಗೆ ಹಳೆಯ ಕಲ್ಲು ಎಷ್ಟಿದೆ ಎಂದು ಕೇಳಿದರು. ಕೂತಿರುವ ಎರಡು ಬಿಟ್ಟರೆ ಏನೂ ಇಲ್ಲ, ಉಳಿದದ್ದು ಹೊಸ ಕಲ್ಲು ಕಡಿದು ಮಾಡಬೇಕು, ಆ ಎರಡೂ ಅಲ್ಲಿಯವೇ ಅಂತ ಹೇಳಲಾರೆ ಎಂದರು ಮೇಸ್ತ್ರಿ.

"ಮೇಲೆ ಹೇಗಿತ್ತೋ ನಮಗೆ ಗೊತ್ತಿಲ್ಲ" ಎಂದರು ಸಾರ್. "ಗೊತ್ತಿಲ್ಲದ್ದನ್ನ ಕಟ್ಟಬಾರದು. ಹಾಗೇ ನಮಗೆ ಕಲಿಸಿದ್ದು. ಅಂದವಾಗಿ ಕಾಣಲಿ ಅಂತ ನಾನೂ ಅದನ್ನ ಬಿಟ್ಟುಬಿಟ್ಟಿದ್ದೆ."

ಅಲ್ಲಿಂದಲೇ ಮೇಲಿನವರಿಗೆ ಫೋನು ಮಾಡಿದರು. ಆ ಕಡೆಯ ದನಿ ನಮಗೂ ಕೇಳುವಷ್ಟು ಜೋರಿತ್ತು. ಮೂಲೆ ಮುರಿದ ಹಾಗೆ ಕಾಣುತ್ತದೆ, ನೋಡಲು ಬರುವವರಿಗೆ ಏನು ಹೇಳುತ್ತೀಯ, ಒಬ್ಬ ಮುದುಕಿಗಾಗಿ ಇಷ್ಟಾ, ಎಂದೆಲ್ಲ. ಸಾರ್ ಮುಖ ಕೆಂಪಗಾಯಿತು. "ಮುದುಕಿಗಾಗಿ ಅಲ್ಲ ಸಾರ್, ಆಧಾರ ಇಲ್ಲ. ನಾನು ಸಹಿ ಹಾಕುತ್ತೇನೆ, ನನ್ನ ಜವಾಬ್ದಾರಿ" ಎಂದರು. ಫೋನು ಇಟ್ಟ ಮೇಲೆ ಮಾಳಮ್ಮನನ್ನು ನೋಡಿ, ಅರೆಬರೆ ಕನ್ನಡದಲ್ಲಿ, "ಅಮ್ಮ, ಮುದುಕಿಗಾಗಿಯೂ ಹೌದು" ಎಂದರು.

ಆ ಎರಡು ಕಲ್ಲುಗಳನ್ನು ಇಳಿಸುವುದು ಕೂರಿಸಿದಷ್ಟು ಸುಲಭವಾಗಿರಲಿಲ್ಲ. ಕೆಳಗಿನ ಕಲ್ಲಿನ ಅಂಚು ಚಕ್ಕೆ ಏಳಬಾರದು. ಹುಸೇನಪ್ಪ ಮರದ ಬೆಣೆ ಹೊಡೆದು, ಗೋಣಿಚೀಲ ಹಾಸಿ, ಕೂಲಿಯವರನ್ನು ಬೈಯುತ್ತ, ತಾವೇ ಹೆಗಲು ಕೊಟ್ಟು ಇಳಿಸಿದರು. ಮಾಳಮ್ಮ ಕುರಿಯ ಹಗ್ಗ ಹಿಡಿದು ನೋಡುತ್ತಿದ್ದರು. ಕೊನೆಯ ಕಲ್ಲು ನೆಲ ಮುಟ್ಟಿದಾಗ ಹತ್ತಿರ ಹೋಗಿ, ಸೆರಗಿನಿಂದ ಮಗನ ಕಲ್ಲಿನ ಮೇಲಿದ್ದ ಧೂಳು ಒರೆಸಿದರು. ಅರಿಶಿನ ಹಚ್ಚಬಹುದೇ ಎಂದು ಕಣ್ಣಲ್ಲೇ ನನ್ನನ್ನು ಕೇಳಿದರು. ನಾನು ಸಾರ್ ಕಡೆ ನೋಡಿದೆ. ಅವರು ಬೇರೆ ಕಡೆ ತಿರುಗಿ ನಕ್ಷೆ ಸುತ್ತತೊಡಗಿದರು.

"ಈಗ ಗಾಳಿ ಹತ್ತತೈತಿ ಬಿಡಪ್ಪ" ಎಂದರು ಮಾಳಮ್ಮ, ಕಲ್ಲಿಗೆ.

ಆ ಕಲ್ಲಿನ ಹಿಂದುಗಡೆ ಗೋಡೆಯೊಳಗೆ ಮಳೆನೀರು ಇಳಿಯದ ಹಾಗೆ ಹುಸೇನಪ್ಪ ಸುಣ್ಣದ ಗಾರೆಯನ್ನು ಇಳಿಜಾರಾಗಿ ಹಾಕಿ, ಬೆಣಚುಕಲ್ಲಿನಿಂದ ಹೊಳಪು ಬರುವವರೆಗೆ ಉಜ್ಜಿದರು. ಇಂಥ ನಯವಾದ ಕೆಲಸ ಅವರು ಅಲ್ಲಿ ಬೇರೆಲ್ಲೂ ಮಾಡಲಿಲ್ಲ. ಮಳೆಗಾಲ ಮುಗಿದ ಮೇಲೆ ನೋಡಿದೆ, ಒಂದು ಹನಿ ಒಳಗೆ ಹೋಗಿರಲಿಲ್ಲ.

ಅಂದಿನಿಂದ ಪೇರುಗಲ್ಲಿನ ಆ ಮೂಲೆ ಉಳಿದವಕ್ಕಿಂತ ತಗ್ಗು. ಬಂದವರು ಫೋಟೊ ತೆಗೆಯುವಾಗ ಆ ಮೂಲೆ ಬಿಟ್ಟು ತೆಗೆಯುತ್ತಾರೆ. ದುಡ್ಡು ಮುಗಿಯಿತೇನಮ್ಮ ಎಂದು ಕೇಳಿದವರೂ ಇದ್ದಾರೆ. ನಾನು ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ರಾಮಮೋಹನ್ ಸಾರ್‌ಗೆ ವರ್ಗವಾಯಿತು. ಹುಸೇನಪ್ಪ ಮೇಸ್ತ್ರಿ ಈಗಿಲ್ಲ. ಮಾಳಮ್ಮ ಕಾಲು ನಡೆಯುವವರೆಗೂ ಅಮಾವಾಸ್ಯೆಗೆ ಬಂದರು, ಆಮೇಲೆ ಅವರ ಅರಿಶಿನವನ್ನು ನಾನು ಒಯ್ದು ಹಚ್ಚಿ ಬರುತ್ತಿದ್ದೆ. ಹೋದ ವರ್ಷ ಅವರೂ ತೀರಿಕೊಂಡರು. ಮಗಳು ಬೊಮ್ಮನಹಾಳಿನಲ್ಲೇ ಇದ್ದಾಳೆ, ಅವಳಿಗೆ ಈ ಗುಡ್ಡದ ದಾರಿ ದೂರ.

ಹೋದ ತಿಂಗಳು ಇಲಾಖೆಯ ಹೊಸ ಹುಡುಗರು ಬಂದಿದ್ದರಂತೆ. ಡ್ರೋನ್ ಹಾರಿಸಿ, ಕಂಪ್ಯೂಟರಿನಲ್ಲಿ ಮೂರು ಮೂಲೆ ನೋಡಿ ನಾಲ್ಕನೆಯದನ್ನು ಕೂಡಿಸಿ ತೋರಿಸಿದರಂತೆ. ಈಗಿನ ವಾಚ್‌ಮನ್ ಬಂದು ಹೇಳಿದ. ಬಹಳ ಚೆನ್ನಾಗಿ ಕಾಣುತ್ತಿತ್ತು ಎಂದ. ಹುಡುಗರದು ತಪ್ಪಿಲ್ಲ. ಅವರ ಕೈಯಲ್ಲಿರುವ ಕಡತದಲ್ಲಿ 'ಮೇಲಿನ ಸಾಲುಗಳಿಗೆ ಆಧಾರವಿಲ್ಲದ ಕಾರಣ ನಿಲ್ಲಿಸಲಾಗಿದೆ' ಎಂದಷ್ಟೇ ಇರುತ್ತದೆ. ಅದು ನಿಜವೇ. ಆದರೆ ಬೀರನ ಹೆಸರು ಅದರಲ್ಲಿಲ್ಲ. ಆಧಾರ ಸಿಕ್ಕಿತು ಎಂದು ಯಾರಾದರೂ ತೋರಿಸಿದ ದಿನ ಆ ಕಲ್ಲಿನ ಮೇಲೆ ಮತ್ತೆ ಕಲ್ಲು ಬೀಳುತ್ತದೆ, ಬೇಡ ಎನ್ನಲು ಯಾರೂ ಇರುವುದಿಲ್ಲ.

ಸಿಂಧು, ನೀನು ಚಿಕ್ಕ ಕೆಲಸದಲ್ಲಿದ್ದೀಯ, ನಿನ್ನ ಮಾತು ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ನನ್ನದೂ ಚಿಕ್ಕ ಕೆಲಸವೇ ಆಗಿತ್ತು. ಕೇಳಿದಾಗ ಒಂದು ಮಾತು ಹೇಳಿದೆ, ಅಷ್ಟೆ. ಈ ಹಾಳೆಗಳನ್ನು ಇಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಿ. ಬೇಕಾದರೆ ತೆಲುಗಿನಲ್ಲೂ ಬರೆದಿಟ್ಟುಕೊಳ್ಳಿ, ಪವನ ಅದನ್ನು ಮಾಡಬಲ್ಲ. ಆಗ್ನೇಯ ಮೂಲೆ ಎತ್ತರಿಸಬೇಕು ಎಂಬ ಕಾಗದ ಎಂದಾದರೂ ನಿನ್ನ ಮೇಜಿಗೆ ಬಂದರೆ, ಸಹಿ ಹಾಕುವವರ ಮುಂದೆ ಇದನ್ನು ಇಟ್ಟು, ಓದಿ ಎಂದು ಹೇಳು. ಅಲ್ಲಿ ಒಬ್ಬ ಹುಡುಗ ಇದ್ದಾನೆ ಎಂದು ಹೇಳು.

ನಿಮ್ಮ ಅಜ್ಜಿ